ಮೋಟಾರಿನ ಮೈಮೇಲೆ ಬೆಂಕಿಯ ಚಿತ್ತಾರ

1959ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹದಿಹರೆಯದ ಹುಡುಗನೊಬ್ಬ ಹಳೆಯ ಕಾರುಗಳ ಅಂಗಡಿಯಲ್ಲಿ 500 ಡಾಲರು ತೆತ್ತು ಒಂದು ಮರ್ಕ್ಯುರಿ ಕಾರನ್ನು ಕೊಂಡನು. 2022ರ ಜನವರಿಯಲ್ಲಿ ಅದೇ ಕಾರು ಫ್ಲಾರಿಡಾದ ಹರಾಜಿನಲ್ಲಿ ಸುಮಾರು 20 ಲಕ್ಷ ಡಾಲರುಗಳಿಗೆ ಮಾರಾಟವಾಯಿತು! ಅದರಲ್ಲಿ ಚಿನ್ನ ಬೆಳ್ಳಿಗಳೇನೂ ಇರಲಿಲ್ಲ. 1951ರ ಮಾದರಿಯ ಆ ಬಂಡಿ, ಸಾವಿರಾರು ಒಡಹುಟ್ಟುಗಳೊಡನೆ ಕಾರ್ಖಾನೆಯಿಂದ ಹೊರಬಿದ್ದ ಸಾಮಾನ್ಯ ಕಾರು. ಅದರ ಬೆಲೆಯೆಲ್ಲ ಅಡಗಿದ್ದುದು, ಆಮೇಲೆ ಮನುಷ್ಯರ ಕೈಗಳು ಅದಕ್ಕೆ ಮಾಡಿದ ಸಿಂಗಾರದಲ್ಲಿ.

ಈ ಸಿಂಗಾರದ ಹುಚ್ಚು ಹುಟ್ಟಿದ ಬಗೆಯೇ ಸ್ವಾರಸ್ಯವಾದುದು.

ಒಣಕೆರೆಯ ಓಟ

ಲಾಸ್ ಏಂಜಲೀಸ್ ನಗರದ ಆಚೆಗಿನ ಮರುಭೂಮಿಯಲ್ಲಿ, ನೀರು ಬತ್ತಿ ನೆಲ ಹಲಗೆಯಂತೆ ಗಟ್ಟಿಯಾದ ವಿಶಾಲವಾದ ಕೆರೆಗಳಿವೆ. ಮ್ಯೂರಾಕ್, ಎಲ್ ಮಿರಾಜ್ ಎಂಬುವು ಅವುಗಳಲ್ಲಿ ಪ್ರಸಿದ್ಧವಾದವು. 1930ರ ದಶಕದಲ್ಲಿ ಕೈಯಲ್ಲಿ ಕಾಸಿಲ್ಲದ ತರುಣರು ಹಳೆಯ ಫೋರ್ಡ್ ಕಾರುಗಳನ್ನು ಕೊಂಡು, ಭಾರ ತಗ್ಗಿಸಲು ಮಡ್‌ಗಾರ್ಡುಗಳನ್ನು ಕಿತ್ತೊಗೆದು, ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸಿ ಇಲ್ಲಿ ವೇಗದ ಪಂದ್ಯವಾಡುತ್ತಿದ್ದರು. ‘ಹಾಟ್ ರಾಡ್’ ಎಂಬ ಹೆಸರು ಬಂದುದು ಇಂಥ ಬಂಡಿಗಳಿಗೆ. 1937ರಲ್ಲಿ ಓಟಗಾರರ ಸಂಘಗಳು ಒಂದುಗೂಡಿದವು. ಎರಡನೆಯ ಮಹಾಯುದ್ಧದಿಂದ ಹಿಂದಿರುಗಿದ ತರುಣರಿಂದ ಈ ಗೀಳು ಇನ್ನೂ ಬೆಳೆಯಿತು. 1948ರ ಜನವರಿಯಲ್ಲಿ ‘ಹಾಟ್ ರಾಡ್’ ಎಂಬ ಪತ್ರಿಕೆಯೇ ಹೊರಬಂದಿತು.

ಊರಿನ ಬೀದಿಗಳಲ್ಲೂ ಪಂದ್ಯವಾಡುತ್ತಿದ್ದ ಈ ಹುಡುಗರನ್ನು ಗೃಹಸ್ಥರು ಪುಂಡರೆಂದೇ ಭಾವಿಸಿದ್ದರು. ಆದರೆ ಆ ಪುಂಡಾಟದ ಹಿಂದೆ ಒಂದು ಹಂಬಲವಿತ್ತು. ಕಾರ್ಖಾನೆಯು ಒಂದೇ ಅಚ್ಚಿನಲ್ಲಿ ಕಾರುಗಳನ್ನು ಒತ್ತಿ ಕಳುಹಿಸುತ್ತಿದ್ದ ಕಾಲವದು. 1914ರಿಂದ 1925ರವರೆಗೆ ಫೋರ್ಡರ ‘ಮಾಡೆಲ್ ಟಿ’ ಕಾರು ಕಪ್ಪು ಬಣ್ಣವೊಂದರಲ್ಲೇ ದೊರೆಯುತ್ತಿತ್ತು. ‘ಇದು ನನ್ನದು, ಇಂಥದು ಇನ್ನೊಂದಿಲ್ಲ’ ಎಂದು ಹೇಳಿಕೊಳ್ಳಲು ಬಡ ತರುಣನಿಗೆ ಉಳಿದಿದ್ದ ದಾರಿ ಒಂದೇ—ಬಣ್ಣದ ಡಬ್ಬಿ!

ಉರಿಯ ನಾಲಗೆ

ಹೀಗೆ ಮೂಡಿದ ಚಿತ್ತಾರಗಳಲ್ಲಿ ಎಲ್ಲರ ಕಣ್ಣು ಸೆಳೆದುದು ಬೆಂಕಿಯ ಜ್ವಾಲೆ. ಕಾರಿನ ಮೂತಿಯಿಂದ ಹೊರಟು ಬಾನೆಟ್ಟಿನ ಮೇಲೆ ಹಿಂದಕ್ಕೆ ಚಾಚಿದ ನಾಲಗೆಗಳು. ಬುಡದಲ್ಲಿ ಹಳದಿ, ನಡುವೆ ಕಿತ್ತಳೆ, ತುದಿಯಲ್ಲಿ ಕೆಂಪು. ಎಂಜಿನ್ನೇ ಹೊತ್ತಿಕೊಂಡು ಗಾಳಿಗೆ ಉರಿ ಹಿಂದಕ್ಕೆ ಹಾಯುತ್ತಿರುವಂತೆ ಭಾಸವಾಗಬೇಕು. ನಿಂತ ಕಾರೂ ಓಡುವಂತೆ ಕಾಣಬೇಕು. ಅಂಟುಪಟ್ಟಿಯಿಂದ ಜ್ವಾಲೆಯ ಅಂಚನ್ನು ಗುರುತಿಸಿ, ಉಳಿದ ಭಾಗಕ್ಕೆ ಕಾಗದ ಮುಚ್ಚಿ, ಗಾಳಿಯ ಪಿಚಕಾರಿಯಿಂದ ಬಣ್ಣ ಸಿಂಪಡಿಸುವರು. ಪಟ್ಟಿಯನ್ನು ಕಿತ್ತ ಮೇಲೆ ಅಂಚಿಗೆ ಒಂದು ಸಣ್ಣ ಗೆರೆ.

ಆ ಗೆರೆಯೇ ಒಂದು ವಿದ್ಯೆ. ಹಿಂದೆ ಕುದುರೆಸಾರೋಟುಗಳಿಗೆ ಬಣ್ಣ ಬಳಿಯುತ್ತಿದ್ದ ಕುಶಲಕರ್ಮಿಗಳಿಗೆ ಅದು ಕರಗತವಾಗಿತ್ತು. 1950ರ ದಶಕದಲ್ಲಿ ಅದಕ್ಕೆ ಹೊಸ ಜೀವ ಕೊಟ್ಟವನು ಕೆನೆತ್ ಹೋವರ್ಡ್. ‘ವಾನ್ ಡಚ್’ ಎಂಬುದು ಅವನ ಅಂಕಿತನಾಮ. ಅವನ ತಂದೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದವನು. ಅಳಿಲಿನ ಕೂದಲಿನ, ಕತ್ತಿಯಂತೆ ಬಾಗಿದ ಕುಂಚವನ್ನು ಬಣ್ಣದಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಎಳೆದರೆ ಗೆರೆ ಎಲ್ಲಿಯೂ ನಡುಗಬಾರದು. ಎಡಕ್ಕೆ ಬರೆದುದು ಬಲಕ್ಕೂ ಹಾಗೆಯೇ ಮೂಡಬೇಕು. ನಮ್ಮ ಮನೆಯಂಗಳದ ರಂಗೋಲಿಯನ್ನು ಬಲ್ಲವರಿಗೆ ಇದರ ಕಷ್ಟವೂ ಸೊಗಸೂ ಬೇಗನೆ ತಿಳಿದೀತು.

ಸೀಸ, ಸಕ್ಕರೆಪಾಕ, ದಾಳ

ಮೊದಲು ಹೇಳಿದ ಮರ್ಕ್ಯುರಿ ಕಾರು ಬಾಬ್ ಹಿರೋಹಾಟಾ ಎಂಬ ಜಪಾನೀ ಮೂಲದ ಅಮೆರಿಕನ್ ತರುಣನದು. ಅವನು ಅದನ್ನು ಲಿನ್‌ವುಡ್ ಪಟ್ಟಣದಲ್ಲಿದ್ದ ಜಾರ್ಜ್ ಮತ್ತು ಸ್ಯಾಮ್ ಬ್ಯಾರಿಸ್ ಸಹೋದರರ ಕೈಗೊಪ್ಪಿಸಿದನು. ಅವರು ಚಾವಣಿಯನ್ನು ಕೊಯ್ದು ಮುಂದೆ 4 ಅಂಗುಲ, ಹಿಂದೆ 7 ಅಂಗುಲ ತಗ್ಗಿಸಿದರು. ಬಾಗಿಲ ಹಿಡಿಗಳನ್ನು ತೆಗೆದುಹಾಕಿದರು. ಇಂಥ ಕೆಲಸದಲ್ಲಿ ಬೆಸುಗೆಯ ಸಂದುಗಳಿಗೆ ಕರಗಿಸಿದ ಸೀಸವನ್ನು ತುಂಬಿ ನುಣುಪಾಗಿ ಉಜ್ಜುವುದು ವಾಡಿಕೆ. ಕೊನೆಗೆ ತಿಳಿಹಸಿರು, ಕಡುಹಸಿರು ಬಣ್ಣಗಳ ಲೇಪನ. ಡ್ಯಾಷ್‌ಬೋರ್ಡಿನ ಮೇಲೆ ಗೆರೆ ಎಳೆದವನು ವಾನ್ ಡಚ್‌ನೇ.

ಇನ್ನು ಜೋ ಬೇಲನ್ ಎಂಬವನು ಬೆಳ್ಳಿ ಅಥವಾ ಬಂಗಾರದ ಲೇಪನದ ಮೇಲೆ ಪಾರದರ್ಶಕವಾದ ಕೆಂಪನ್ನು ಪದರ ಪದರವಾಗಿ ಹರಡಿ, ಸಕ್ಕರೆಪಾಕದಲ್ಲಿ ಅದ್ದಿದ ಸೇಬಿನ ಹೊಳಪನ್ನು ಕಾರಿಗೆ ತಂದುಕೊಟ್ಟನು. ಇಷ್ಟಕ್ಕೆ ಶಕ್ತಿಯಿಲ್ಲದವರು ಚಾಲಕನ ಎದುರಿನ ಕನ್ನಡಿಗೆ ತುಪ್ಪಳದ ಬಟ್ಟೆಯ ಎರಡು ದೊಡ್ಡ ದಾಳಗಳನ್ನು ತೂಗುಹಾಕಿಕೊಂಡು ತೃಪ್ತಿಪಡುತ್ತಿದ್ದರು. ಯುದ್ಧವಿಮಾನದ ಚಾಲಕರು ಅದೃಷ್ಟಕ್ಕಾಗಿ ದಾಳಗಳನ್ನು ಇಟ್ಟುಕೊಳ್ಳುತ್ತಿದ್ದ ರೂಢಿಯಿಂದ ಇದು ಬಂದಿತೆಂದು ಹೇಳುವುದುಂಟು.

ಅಂದಿನ ಹೊಳಪು, ಇಂದಿನ ಬೆಲೆ

ಕಾಲ ಉರುಳಿತು. ಗೆರೆಯನ್ನೂ ಜ್ವಾಲೆಯನ್ನೂ ಅಂಗಡಿಯಲ್ಲಿ ಕೊಂಡು ಅಂಟಿಸುವ ಪಟ್ಟಿಗಳು ಬಂದವು. ‘ನನ್ನಂಥದು ಇನ್ನೊಂದಿಲ್ಲ’ ಎಂಬ ಚಿತ್ತಾರವೇ ಅಚ್ಚಿನ ಸರಕಾಯಿತು! ವಾನ್ ಡಚ್ ಒಂದು ಹಳೆಯ ಬಸ್ಸನ್ನೇ ಮನೆ ಮಾಡಿಕೊಂಡು ಬಾಳಿ 1992ರಲ್ಲಿ ತೀರಿಕೊಂಡನು. ಅವನ ಹೆಸರನ್ನು ಹೊತ್ತ ಟೋಪಿಗಳು ಸಿರಿವಂತರ ಷೋಕಿಯಾದುದು ಆಮೇಲೆ.

ಆದರೆ 500 ಡಾಲರಿನ ಆ ಹುಡುಗ? ಹಲವರು ತಮ್ಮ ಬಂಡಿಗಳನ್ನು ಗುಜರಿಗೆ ಹಾಕಿದರೂ ಅವನು ತನ್ನದನ್ನು ಬಿಡಲಿಲ್ಲ. ವರ್ಷಗಟ್ಟಲೆ ಮೂಲೆಯಲ್ಲಿ ನಿಂತಿದ್ದ ಅದನ್ನು ನಡುವಯಸ್ಸಿನಲ್ಲಿ ಬಿಚ್ಚಿ, ತಿದ್ದಿ, ಹಳೆಯ ಹಸಿರನ್ನು ಮರಳಿಸಿದನು. 2017ರಲ್ಲಿ ಆ ಕಾರು ಅಮೆರಿಕದ ಐತಿಹಾಸಿಕ ವಾಹನಗಳ ರಾಷ್ಟ್ರೀಯ ದಾಖಲೆಗೆ ಸೇರಿತು. ತಾನು ಬದುಕಿರುವವರೆಗೂ ಅವನು ಅದನ್ನು ಮಾರಲಿಲ್ಲ. ಹರಾಜು ನಡೆದುದು ಅವನು ಕಣ್ಮುಚ್ಚಿದ ಮೇಲೆ.

20 ಲಕ್ಷ ಡಾಲರು ಕೊಟ್ಟವರಿಗೆ ದೊರೆತುದು ಕಾರು. ಅದರ ಮಾಲೀಕನೆನಿಸುವ ಸುಖವನ್ನು ಆ ಹುಡುಗ 500 ಡಾಲರಿಗೇ ಅನುಭವಿಸಿ ಹೋಗಿದ್ದನು.