ಲೈಟು ಕಂಬದ ವಂಶಾವಳಿ

ಬೀದಿ ದೀಪವನ್ನು ನಾವು ನೋಡುವುದು ರಾತ್ರಿ. ಅದರ ಚರಿತ್ರೆ ಕಾಣಬೇಕಾದರೆ ಹಗಲಲ್ಲೇ ಕತ್ತೆತ್ತಬೇಕು. ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಯ ಕಡೆ ಹೋದಾಗ ಹಳೇ ಲೈಟು ಕಂಬವೊಂದು ಕಣ್ಣಿಗೆ ಬಿದ್ದರೆ ಎರಡು ನಿಮಿಷ ನಿಂತು ನೋಡಿ. ಹೊಸ ಎಲ್‌ಇಡಿ ಪಕ್ಕದಲ್ಲೇ ಟ್ಯೂಬ್‌ಲೈಟ್‌ ಪಟ್ಟಿಯ ತುಕ್ಕು ಹಿಡಿದ ಕ್ಲಾಂಪು, ಅದಕ್ಕೂ ಮೇಲೆ ಯಾವತ್ತೋ ಬಲ್ಬು ತೂಗಿದ್ದ ಬಾಗಿದ ಪೈಪು ಉಳಿದಿರಬಹುದು. ಹೊಸದನ್ನು ಹಾಕುವವರು ಹಳೆಯದನ್ನು ಬಿಚ್ಚುವ ಗೋಜಿಗೆ ಹೋಗುವುದು ಕಡಿಮೆ. ಹಾಗಾಗಿ ದೀಪ ಬದಲಾದರೂ ಕಂಬದಲ್ಲಿ ಗುರುತು ನಿಲ್ಲುತ್ತದೆ.

ನಮ್ಮಲ್ಲಿ ಈ ವಂಶ ಶುರುವಾದದ್ದು ಶಿವನಸಮುದ್ರದಲ್ಲಿ. 1902ರಲ್ಲಿ ಅಲ್ಲಿನ ಕಾವೇರಿ ವಿದ್ಯುತ್‌ ಸುಮಾರು 147 ಕಿಲೋಮೀಟರ್‌ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿ ಸೇರಿತು. ಮೊದಲು ಗಣಿ, ಆಮೇಲೆ ಬೀದಿ. ಬೆಂಗಳೂರಿನ ಬೀದಿಗೆ ವಿದ್ಯುತ್‌ ದೀಪ ಬಂದದ್ದು 1905ರ ಆಗಸ್ಟ್‌ 5ರಂದು. ಏಷ್ಯಾಕ್ಕೇ ಇದು ಮೊದಲು ಎಂಬ ಹೆಮ್ಮೆಯ ಮಾತು ಆಗಾಗ ಕೇಳುತ್ತದೆ. ಆದರೆ ಶಾಂಘೈ ಬೀದಿಯಲ್ಲಿ 1882ರಲ್ಲೇ ಆರ್ಕ್‌ ದೀಪ ಉರಿದಿತ್ತು. ವಿದ್ಯುತ್‌ ಬರುವ ಮುಂಚೆ ಬೆಂಗಳೂರಿನ ಬೀದಿಯಲ್ಲಿ ಇದ್ದದ್ದು ಸೀಮೆಎಣ್ಣೆ ದೀಪ. ದಿನವೂ ಯಾರಾದರೂ ಬಂದು ಹಚ್ಚಬೇಕಿತ್ತು.

ಹಳ್ಳಿಗಳು ಮಾತ್ರ ಇನ್ನೂ ದಶಕಗಳ ಕಾಲ ಕಾದವು. ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಹುಟ್ಟಿದ್ದು 1957ರಲ್ಲಿ; ಅದೇ ಮುಂದೆ ಕೆಇಬಿ ಆಯಿತು. ವಿದ್ಯುತ್‌ ಹಂಚಲು ಬೆಸ್ಕಾಂ ಬಂದು ಎರಡು ದಶಕ ದಾಟಿದರೂ ಹಳಬರ ಬಾಯಲ್ಲಿ ಅದು ಇವತ್ತಿಗೂ ‘ಕೆಇಬಿಯೋರು’. ಮಂಡಳಿಯ ಮೊದಲ ಕಾಲದ ಬೀದಿ ದೀಪವೆಂದರೆ ತಟ್ಟೆಯಾಕಾರದ ಎನಾಮಲ್‌ ಮುಚ್ಚಳ, ಅದರಡಿ ಒಂದು ಬಲ್ಬು. ಮುಚ್ಚಳದ ಒಳಮೈ ಬಿಳುಪು: ಮೇಲಕ್ಕೆ ಹೋಗುವ ಬೆಳಕನ್ನು ನೆಲಕ್ಕೆ ತಿರುಗಿಸಲು. ಬಲ್ಬಿನ ನಂತರ ನಾಲ್ಕಡಿಯ ಟ್ಯೂಬು ಬಂತು, ಚೋಕು, ಸ್ಟಾರ್ಟರು ಸಮೇತ. ವೋಲ್ಟೇಜ್‌ ಕಡಿಮೆಯಾದ ರಾತ್ರಿ ಅದು ಹತ್ತಿಕೊಳ್ಳದೆ ಮಿಣಮಿಣ ಎನ್ನುತ್ತಲೇ ಇರುತ್ತಿತ್ತು.

ದೊಡ್ಡ ರಸ್ತೆಗಳಿಗೆ ಮರ್ಕ್ಯುರಿ, ಸೋಡಿಯಂ ದೀಪ ಬಂದವು. ಕರೆಂಟು ಹೋಗಿ ತಕ್ಷಣ ಬಂದರೂ ಇವು ಹತ್ತುತ್ತಿರಲಿಲ್ಲ. ಕಾದ ದೀಪದೊಳಗೆ ಆವಿಯ ಒತ್ತಡ ಇಳಿಯುವವರೆಗೆ ಕೆಲವು ನಿಮಿಷ ಕಾಯಲೇಬೇಕು. ಸೋಡಿಯಂನ ಹಳದಿಯಲ್ಲಿ ನೀಲಿ ಬಟ್ಟೆ ಕಪ್ಪಗೆ ಕಾಣುತ್ತಿತ್ತು.

ಕಂಬದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ತಂತಿಗಳ ಲೆಕ್ಕ. ಮೂರು ಫೇಸು, ಒಂದು ನ್ಯೂಟ್ರಲ್‌. ಅದರ ಜೊತೆ ಇನ್ನೊಂದು ತಂತಿ ಇದ್ದರೆ ಅದು ಬೀದಿ ದೀಪದ್ದು. ಅದರ ಇನ್ನೊಂದು ತುದಿ ಊರ ಸ್ವಿಚ್ಚಿನ ಪೆಟ್ಟಿಗೆಯಲ್ಲಿರುತ್ತದೆ. ಎಷ್ಟೋ ಊರುಗಳಲ್ಲಿ ಬೆಳಿಗ್ಗೆ ನೀರು ಬಿಡುವ ನೀರುಗಂಟಿಯೇ ಹೊತ್ತು ಮುಳುಗುವಾಗ ಅದನ್ನು ಒತ್ತುತ್ತಾನೆ. ಬೆಳಿಗ್ಗೆ ಆರಿಸಲು ಅವನು ಮರೆತರೆ ಹಗಲಿಡೀ ದೀಪ ಉರಿಯುತ್ತದೆ, ಊರೆಲ್ಲ ಅವನನ್ನು ಬೈಯುತ್ತದೆ.

2015ರಲ್ಲಿ ಕೇಂದ್ರ ಸರ್ಕಾರ ಬೀದಿ ದೀಪಗಳಿಗೆ ಎಲ್‌ಇಡಿ ಯೋಜನೆ ಶುರು ಮಾಡಿತು. ಹಳೇ ಬಲ್ಬು ಒಂದು ವ್ಯಾಟಿಗೆ ಹತ್ತು ಹದಿನೈದು ಲ್ಯೂಮೆನ್‌ ಬೆಳಕು ಕೊಟ್ಟರೆ ಎಲ್‌ಇಡಿ ನೂರು ದಾಟುತ್ತದೆ. ಪಂಚಾಯಿತಿಯ ಕರೆಂಟು ಬಿಲ್ಲು ನೋಡಿದವರು ಹಳೇ ದೀಪವೇ ಇರಲಿ ಎನ್ನುವುದಿಲ್ಲ, ಎನ್ನಬಾರದು ಕೂಡ. ಆದರೆ ದೀಪ ಬದಲಿಸುವುದು ಬೇರೆ, ಅದರ ಗುರುತನ್ನೆಲ್ಲ ತೂಕಕ್ಕೆ ಹಾಕುವುದು ಬೇರೆ. ಲಂಡನ್ನಿನಲ್ಲಿ ಇಂದಿಗೂ ಸಾವಿರಕ್ಕೂ ಹೆಚ್ಚು ಗ್ಯಾಸ್‌ ದೀಪಗಳಿವೆ; ಅವುಗಳಲ್ಲಿ ಎಷ್ಟೋ ಸ್ಮಾರಕಗಳ ಪಟ್ಟಿಯಲ್ಲಿವೆ. ನಮ್ಮಲ್ಲಿ ದೇವಸ್ಥಾನದ ಮುಂದಿನ ಕಲ್ಲಿನ ದೀಪದ ಕಂಬಕ್ಕೆ ಮರ್ಯಾದೆ ಉಂಟು. ಕೆಇಬಿ ಕಂಬಕ್ಕೆ ಸಿಗುವುದು ಚುನಾವಣೆಯ ಪೋಸ್ಟರು. ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆ ಅದಕ್ಕೆ ಒಪ್ಪುತ್ತದೆ.

ಮ್ಯೂಸಿಯಂ ಕಟ್ಟಬೇಕಿಲ್ಲ. ಎಲ್ಲಾದರೂ ಎನಾಮಲ್‌ ತಟ್ಟೆ ಉಳಿದಿದ್ದರೆ ಗುಜರಿ ಅಂಗಡಿಗೆ ಹೋಗುವ ಮುಂಚೆ ಅದನ್ನು ಪಂಚಾಯಿತಿ ಕಟ್ಟಡದ ಬಾಗಿಲಿಗೆ ತೂಗುಹಾಕಿದರೆ ಸಾಕು. ವಂಶದ ಗುರುತು ಮನೆಯೊಳಗೂ ಇದೆ: ಮನೆಗೆ ತರುವ ಹೊಸ ಎಲ್‌ಇಡಿ ಬಲ್ಬಿನ ಬುಡಕ್ಕೂ ಹಳೇ ಬಲ್ಬಿನಂಥದೇ ಎರಡು ಪಿನ್ನು. ಹಳೇ ಹೋಲ್ಡರಿಗೆ ಒತ್ತಿ ತಿರುಗಿಸಿದರೆ ಕೂರುತ್ತದೆ.