ಎಡೆದೊರೆಯಲ್ಲಿ ಕುಳಿತು ಓದತಕ್ಕ ಐತಿಹಾಸಿಕ ಕಾದಂಬರಿಗಳು

ರಾಯಚೂರು ಕೋಟೆಯ ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದು ಏಕಶಿಲೆಯಿದೆ. 1294ರಲ್ಲಿ, ಕಾಕತೀಯರ ಆಳಿಕೆಯಲ್ಲಿ, ಗೋರೆ ಗಂಗಯ್ಯ ರೆಡ್ಡಿ ಎಂಬಾತನು ಈ ಕೋಟೆಯನ್ನು ಕಟ್ಟಿಸಿದನೆಂದು ಅದರ ಮೇಲಿನ ತೆಲುಗು ಶಾಸನ ಸಾರುತ್ತದೆ. ಶಾಸನವನ್ನು ಓದಲಾರದವರೂ ನಿಂತು ನೋಡುವ ವಸ್ತು ಅಲ್ಲಿ ಇನ್ನೊಂದುಂಟು. ಆ ಹೇರುಬಂಡೆಯನ್ನು ಬಂಡಿಯ ಮೇಲೆ ಎಳೆದು ತಂದ ಬಗೆಯನ್ನು ಕಲ್ಲಿನಲ್ಲಿಯೇ ಗೆರೆಯಾಗಿ ಕೊರೆದಿದ್ದಾರೆ: ಕೋಣಗಳ ಉದ್ದನೆಯ ಸಾಲು, ಅವನ್ನು ಹೊಡೆಯುವ ಆಳುಗಳು. ಕಟ್ಟಿಸಿದವನ ಹೆಸರು ಏಳು ನೂರು ವರ್ಷಗಳಿಂದ ಉಳಿದು ಬಂದಿದೆ. ಎಳೆದು ತಂದವರ ಹೆಸರನ್ನು ಬಲ್ಲವರಿಲ್ಲ.

ಕಳೆದ ವರ್ಷ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ ಆ ಗೋಡೆಯ ಮುಂದೆ ನಿಂತಿದ್ದಾಗ, ನಮ್ಮ ನೀರಮಾನ್ವಿಯವಳೇ ಆದ ಒಬ್ಬ ಹುಡುಗಿ ಕೇಳಿದಳು: “ಸರ್, ನೀವು ಓದಿಸಿದ ಕಾದಂಬ್ರಿನ್ಯಾಗೆಲ್ಲ ನಮ್ಮ ಸೀಮಿ ಬರೀ ಜಗಳಕ್ಕಷ್ಟ ಬರ್ತದ. ಇಲ್ಲಿ ಮಂದಿನ ಇದ್ದಿದ್ದಿಲ್ಲೇನ್ರಿ?” ತಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಚೆಗೆ ಬಂದಿರುವ ಐತಿಹಾಸಿಕ ಕಾದಂಬರಿಗಳಲ್ಲಿ ಓದತಕ್ಕವು ಯಾವುವೆಂದು ಬರೆಯಲು ಕುಳಿತಾಗ ಆ ಪ್ರಶ್ನೆಯನ್ನು ಬದಿಗಿಟ್ಟು ಬರೆಯುವುದು ನನ್ನಿಂದಾಗದು.

ಕೃಷ್ಣೆ ತುಂಗಭದ್ರೆಯರ ನಡುವಣ ಈ ಎರೆಭೂಮಿಯನ್ನು ಶಾಸನಗಳು ಎಡೆದೊರೆನಾಡು ಎಂದು ಕರೆದಿವೆ. ಬಹಮನಿಯವರಿಗೂ ವಿಜಯನಗರದವರಿಗೂ, ಅನಂತರ ಆದಿಲಶಾಹಿಗಳಿಗೂ ವಿಜಯನಗರಕ್ಕೂ ಇದು ಕೈಯಿಂದ ಕೈಗೆ ಹೋದ ಸೀಮೆ. 1520ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಗೆದ್ದ. 1565ರ ರಕ್ಕಸತಂಗಡಿಯ ತರುವಾಯ ರಾಯಚೂರು ಮುದಗಲ್ಲುಗಳು ಬಿಜಾಪುರದ ಪಾಲಾದವು. ಇಷ್ಟು ಕಥೆ ಶಾಲೆಯ ಮಕ್ಕಳಿಗೂ ಬಾಯಿಪಾಠ. ಆದರೆ ಈ ಕಥೆಯೊಳಗಿನ ‘ನಾವು’ ಯಾರು, ‘ಅವರು’ ಯಾರು ಎಂಬುದನ್ನು ಮಕ್ಕಳು ಇತಿಹಾಸದ ಪುಸ್ತಕದಿಂದ ಕಲಿಯುವುದು ಕಡಿಮೆ. ಕಾದಂಬರಿಯಿಂದಲೂ ಸಿನಿಮಾದಿಂದಲೂ ಕಲಿಯುವುದೇ ಹೆಚ್ಚು. ನನ್ನ ತರಗತಿಯಲ್ಲಿ ಬಸವರಾಜನೂ ಹುಸೇನನೂ ಒಂದೇ ಬೆಂಚಿನ ಮೇಲೆ ಕುಳಿತು ಪಾಠ ಕೇಳುತ್ತಾರೆ. ಆದ್ದರಿಂದ ಅವರ ಕೈಗೆ ಯಾವ ಪುಸ್ತಕವನ್ನು ಕೊಡುತ್ತೇನೆ ಎಂಬುದು ನನಗೆ ಕೇವಲ ಅಭಿರುಚಿಯ ಮಾತಲ್ಲ.

ನಾನು ಹುಡುಗನಾಗಿದ್ದಾಗ ಓದಿದ ಮೊದಲ ಐತಿಹಾಸಿಕ ಕಾದಂಬರಿ ಗಳಗನಾಥರ ‘ಕನ್ನಡಿಗರ ಕರ್ಮಕಥೆ’. ಮರಾಠಿಯ ಹರಿ ನಾರಾಯಣ ಆಪಟೆಯವರ ‘ವಜ್ರಾಘಾತ’ವನ್ನು ಅನುಸರಿಸಿದ ಈ ಕೃತಿಯನ್ನು ಮುಗಿಸಿದ ರಾತ್ರಿ ನಿದ್ದೆ ಬಂದಿರಲಿಲ್ಲ. ರಾಮರಾಯ, ಮೆಹರಜಾನ್ ಇವರ ಪ್ರಣಯವನ್ನೇ ಬೀಜವಾಗಿಟ್ಟು ಒಂದು ಸಾಮ್ರಾಜ್ಯದ ನಾಶವನ್ನು ಬೆಳೆಸಿದ ಆ ಕಥನದ ಓಟಕ್ಕೆ ಇಂದಿಗೂ ತಲೆದೂಗಬೇಕು. ಕನ್ನಡಿಗರಿಗೆ ಕನ್ನಡ ಓದುವ ಚಟವನ್ನು ಹಿಡಿಸಿದ ಉಪಕಾರವಂತೂ ಸಣ್ಣದಲ್ಲ. ಆದರೆ ನಡುವಯಸ್ಸಿನಲ್ಲಿ ಮತ್ತೆ ಓದಿದಾಗ ಮನಸ್ಸಿಗೆ ಸಮಾಧಾನವಾಗಲಿಲ್ಲ. ಒಬ್ಬ ಸ್ತ್ರೀಗೆ ಆದ ವಂಚನೆ, ಒಬ್ಬ ಮಗನ ಸೇಡು, ಇಷ್ಟರಿಂದಲೇ ಮಹಾರಾಜ್ಯವೊಂದು ಮುರಿದು ಬೀಳುವುದಾದರೆ, ರಾಯಚೂರಿನ ಕಂದಾಯಕ್ಕೂ ಮುದಗಲ್ಲಿನ ಕೋಟೆಗೂ ಎರಡು ಶತಮಾನ ನಡೆದ ಹೋರಾಟವನ್ನು ಎಲ್ಲಿಡುವುದು? ಮಗನನ್ನು ಕಳೆದುಕೊಂಡ ರಾಮರಾಯನನ್ನು ಸಂತೈಸಲು ಅಲಿ ಆದಿಲಶಾಹನು ವಿಜಯನಗರಕ್ಕೇ ಬಂದಿದ್ದನು, ರಾಮರಾಯನ ಹೆಂಡತಿ ಅವನನ್ನು ಮಗನೆಂದು ಸ್ವೀಕರಿಸಿದಳು ಎಂದು ಫೆರಿಷ್ತಾ ಬರೆದಿದ್ದಾನೆ. ಅದೇ ಅಲಿ 1565ರಲ್ಲಿ ಎದುರು ಪಕ್ಷದಲ್ಲಿ ನಿಂತ. ಈ ಸಂಬಂಧದ ಗಂಟನ್ನು ಬಿಡಿಸಲು ಹೊರಟವರಿಗೆ ಗಿರೀಶ ಕಾರ್ನಾಡರ ಕೊನೆಯ ದಿನಗಳ ನಾಟಕ ‘ರಾಕ್ಷಸ ತಂಗಡಿ’ (2018) ಒಳ್ಳೆಯ ಜೊತೆ. ಕಾದಂಬರಿಯಲ್ಲವಾದರೂ ಇಲ್ಲಿ ಹೆಸರಿಸದಿರಲಾರೆ.

ಗಳಗನಾಥರ ತರುವಾಯದ ಹಿರಿಯರನ್ನು ಈ ಪುಟದ ಓದುಗರಿಗೆ ಪರಿಚಯಿಸುವ ಅಗತ್ಯವಿಲ್ಲ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956), ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿ ಕಲ್ಯಾಣ’, ತ.ರಾ.ಸು. ಅವರ ‘ದುರ್ಗಾಸ್ತಮಾನ’ ಇವನ್ನು ಓದದೆ ಹೊಸದನ್ನು ಅಳೆಯುವ ಕೋಲು ನಮಗೆ ದೊರೆಯದು. ಮೂರರಲ್ಲಿ ಯಾವುದು ಮೇಲು ಎಂದು ಕೇಳಿದರೆ ನನ್ನ ಒಲವು ಮಾಸ್ತಿಯವರ ಕಡೆಗೆ. ಕೆಟ್ಟ ಅರಸನೊಬ್ಬನ ಬಗ್ಗೆ ಕನಿಕರವನ್ನು ಹುಟ್ಟಿಸಿಯೂ ಅವನ ಕೇಡನ್ನು ಒಂದಿಷ್ಟೂ ಮರೆಸದ ಸಂಯಮ ಬೇರೆಡೆ ಅಪರೂಪ.

ಇನ್ನು ಹೊಸಬರ ವಿಚಾರ. ಈಚಿನವುಗಳಲ್ಲಿ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019). ಹೆಸರು ಎರಡು ಹೊಳೆಗಳದು; ತೇಜೋ ಲಿಸ್ಬನ್ ನಗರದ ಹೊಳೆ, ತುಂಗಭದ್ರೆ ನಮ್ಮದು. ಕಾಲ ಹದಿನಾರನೆಯ ಶತಮಾನದ ಮೊದಲ ಭಾಗ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಗೇಬ್ರಿಯಲ್ ಎಂಬ ಬಡ ಯುವಕ ಯಹೂದ್ಯ ಹುಡುಗಿ ಬೆಲ್ಲಾಳನ್ನು ಪ್ರೀತಿಸಿ, ಹಣ ಗಳಿಸಿಕೊಂಡು ಬರುವೆನೆಂದು ಹಡಗು ಹತ್ತುತ್ತಾನೆ. ಇತ್ತ ತುಂಗಭದ್ರೆಯ ದಂಡೆಯಲ್ಲಿ ಹಂಪಮ್ಮ, ಕೇಶವರ ಬಾಳು ಹೂಡಿಕೊಳ್ಳುತ್ತದೆ. ಗೇಬ್ರಿಯಲನು ಹೋಗಿ ಅಮ್ಮದಕಣ್ಣನಾಗುವ ಭಾಗವನ್ನು ಓದುವಾಗ ನನಗೆ ಹಿಡಿಸಿದ್ದು ಆ ಹೆಸರೇ. ಅಹಮದ್ ಖಾನ್ ಎಂಬುದು ಹಳ್ಳಿಯ ಬಾಯಲ್ಲಿ ಅಮ್ಮದಕಣ್ಣ! ಪರಮತದವನೊಬ್ಬನನ್ನು ಊರು ಒಳಗೆ ಬಿಟ್ಟುಕೊಳ್ಳುವ ಪರಿಯನ್ನು ಪ್ರಬಂಧವೊಂದು ಹತ್ತು ಪುಟಗಳಲ್ಲಿ ವಿವರಿಸಬೇಕಾದೀತು. ಇಲ್ಲಿ ಒಂದು ಹೆಸರು ಅದನ್ನು ಮಾಡಿದೆ. ಅರಸನಿಗಾಗಿ ತಲೆಕೊಡುವ ಲೆಂಕಾವಳಿ, ಸಹಗಮನ, ಲಿಸ್ಬನ್ನಿನಲ್ಲಿ ಯಹೂದ್ಯರಿಗೆ ಆದ ಹಿಂಸೆ ಇವನ್ನು ಒಂದರ ಪಕ್ಕದಲ್ಲೊಂದು ಇಟ್ಟು ತೋರಿಸಿದ್ದರಿಂದ ಕ್ರೌರ್ಯ ಒಂದು ಮತದ, ಒಂದು ದೇಶದ ಸೊತ್ತು ಎಂಬ ಭ್ರಮೆ ಉಳಿಯುವುದಿಲ್ಲ. ಆದರೆ ಹಿಂಸೆಯ ದೃಶ್ಯಗಳು ಕೆಲವೆಡೆ ಬೇಕಾದುದಕ್ಕಿಂತ ಹೆಚ್ಚಾಗಿವೆ, ಓದುಗನ ಕಣ್ಣನ್ನು ಬಲವಂತವಾಗಿ ತೆರೆದು ಹಿಡಿದಂತಿವೆ ಎಂಬ ನನ್ನ ಆಕ್ಷೇಪವನ್ನೂ ಹೇಳಬೇಕು.

ಗಜಾನನ ಶರ್ಮರ ‘ಚೆನ್ನಭೈರಾದೇವಿ’ ಬೇರೊಂದು ದಾರಿಯದು. ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಮಲೆನಾಡಿನ ಒಂದು ಬಳ್ಳಿಯ ಬೆಳೆಗಾಗಿ ಸಮುದ್ರದಾಚೆಯವರು ಯುದ್ಧಕ್ಕೆ ಬಂದರು. ಅರಸಿಯೇ ನಾಯಕಿಯಾದರೂ ಸಂತೆ, ಬಂದರು, ಬೆಳೆಗಾರರ ಲೆಕ್ಕಾಚಾರವೆಲ್ಲ ಇದರಲ್ಲಿ ಜೀವ ಪಡೆದಿದೆ. ಕೆ.ಎನ್. ಗಣೇಶಯ್ಯನವರ ‘ಕರಿಸಿರಿಯಾನ’ವನ್ನೂ ವಿದ್ಯಾರ್ಥಿಗಳು ಮುಗಿಬಿದ್ದು ಓದುತ್ತಾರೆ. ವಿಜಯನಗರದ ಸಂಪತ್ತು ಎಲ್ಲಿ ಹೋಯಿತೆಂಬ ಕುತೂಹಲದ ಬೆನ್ನುಹತ್ತಿದ ಕಥೆಯದು. ಆಧಾರಗಳನ್ನು ಓದುಗನ ಮುಂದಿಡುವ ಅವರ ಪದ್ಧತಿ ಮೆಚ್ಚತಕ್ಕದ್ದು. ಪಾತ್ರಗಳು ಮಾತ್ರ ನೆನಪಿನಲ್ಲಿ ನಿಲ್ಲುವುದಿಲ್ಲ.

ಇಷ್ಟೆಲ್ಲ ಓದಿದ ಮೇಲೂ ಆ ಹುಡುಗಿಯ ಪ್ರಶ್ನೆ ಅರ್ಧ ಉಳಿದೇ ಇದೆ. ತುಂಗಭದ್ರೆಯ ದಂಡೆಯವರೆಗೆ ಕಾದಂಬರಿ ಬಂದಿದೆ. ಎಡೆದೊರೆಯ ಒಳಗೆ ಇನ್ನೂ ಕಾಲಿಡಬೇಕಾಗಿದೆ. ಸಾಮಗ್ರಿ ಇಲ್ಲವೆಂದಲ್ಲ. ಪೋರ್ಚುಗೀಸ ವ್ಯಾಪಾರಿ ನೂನಿಜನು ಬರೆದಿಟ್ಟ ರಾಯಚೂರು ಯುದ್ಧದ ವೃತ್ತಾಂತವನ್ನು ರಾಬರ್ಟ್ ಸೀವೆಲ್ ತಮ್ಮ 1900ರ ಗ್ರಂಥದಲ್ಲಿ ಇಂಗ್ಲಿಷಿಗೆ ತಂದು ಕೊಟ್ಟಿದ್ದಾರೆ. ಆ ಯುದ್ಧಕ್ಕೆ ನೆಪವಾದದ್ದು ಧರ್ಮವಲ್ಲ; ಗೋವೆಯಲ್ಲಿ ಕುದುರೆ ಕೊಳ್ಳಲು ರಾಯನಿಂದ 40,000 ಪರ್ದಾವ್ ನಾಣ್ಯ ಪಡೆದವನೊಬ್ಬನು ಹಣದೊಡನೆ ಆದಿಲಶಾಹನ ಸೀಮೆಗೆ ಓಡಿಹೋದದ್ದು. ದಂಡಿನ ದಾರಿಯುದ್ದಕ್ಕೂ ನೀರಿನ ತೊಗಲು ಚೀಲ ಹೊತ್ತ ಹತ್ತು ಹನ್ನೆರಡು ಸಾವಿರ ಜನರನ್ನು ನಿಲ್ಲಿಸಿದ್ದರಂತೆ. ಕೋಟೆಗೋಡೆಯಿಂದ ಕಿತ್ತು ತಂದ ಒಂದೊಂದು ಕಲ್ಲಿಗೂ ಅದರ ಗಾತ್ರ ನೋಡಿ ಹಣ ಎಣಿಸಿ ಕೊಟ್ಟರಂತೆ. ಕಾಳಗ ನಡೆದದ್ದು ಮೇ 19ರಂದು ಎಂದು ಸೀವೆಲ್ಲರ ಗಣನೆ. ರಾಯಚೂರಿನ ಮೇ ತಿಂಗಳನ್ನು ಒಮ್ಮೆ ಅನುಭವಿಸಿದವನಿಗೆ ಆ ನೀರಿನವರು ಹೊತ್ತದ್ದೇನೆಂಬುದನ್ನು ವಿವರಿಸಬೇಕಾಗಿಲ್ಲ. ಅವರು ಯಾವ ಬಾವಿಯಲ್ಲಿ ಸೇದಿದರು? ದಂಡು ಹೋದ ಮೇಲೆ ಆ ಊರಿಗೆ ಕುಡಿಯಲು ಎಷ್ಟು ಉಳಿಯಿತು?

ಮುದಗಲ್ಲಿನ ಅಕ್ಕಸಾಲಿಗನ ಮಗಳ ಕಥೆಯೂ ಹಾಗೆಯೇ. ಕಾಶಿಯಿಂದ ಮರಳುತ್ತಿದ್ದ ಬ್ರಾಹ್ಮಣನೊಬ್ಬನಿಂದ ಅವಳ ರೂಪದ ವರ್ಣನೆ ಕೇಳಿ ಮೊದಲನೆಯ ದೇವರಾಯನು ಆಭರಣಗಳನ್ನು ಕಳಿಸಿದ. ಅಂತಃಪುರ ಸೇರಿದವರು ಮತ್ತೆ ತಂದೆತಾಯಿಗಳ ಮುಖ ನೋಡುವಂತಿಲ್ಲವೆಂದು ಅವಳು ಒಲ್ಲೆನೆಂದಳು. ಅನಂತರ ಅವಳಿಗಾಗಿ ಬಂದ ದಂಡಿನ ಸುಳಿವು ಕೇಳಿ ಮನೆಯವರು ಅವಳನ್ನು ಕರೆದುಕೊಂಡು ಊರು ಬಿಟ್ಟರು. ದಂಡು ಸುತ್ತಣ ಹಳ್ಳಿಗಳನ್ನು ಸುಲಿದು ಹೋಯಿತು. 1406ರ ಯುದ್ಧ ಇದರಿಂದ ಹೊತ್ತಿತೆಂದು ಫೆರಿಷ್ತಾ ಹೇಳುತ್ತಾನೆ. ದೇವರಾಯನು ಸೋತು ತನ್ನ ಮಗಳನ್ನು ಫಿರೋಜಶಾಹನಿಗೆ ಕೊಟ್ಟ. ಅಕ್ಕಸಾಲಿಗನ ಮಗಳನ್ನು ಫಿರೋಜನ ಮಗ ಹಸನಖಾನನಿಗೆ ಮದುವೆ ಮಾಡಿದರು. ಒಲ್ಲೆನೆಂದವಳನ್ನು ಈ ಎರಡನೆಯ ಮದುವೆಗೆ ಯಾರಾದರೂ ಕೇಳಿದರೋ ಇಲ್ಲವೋ ಎಂಬಲ್ಲಿ ಫೆರಿಷ್ತಾ ಸುಮ್ಮನಾಗುತ್ತಾನೆ.

ಈ ಭಾಗವನ್ನು ಕನ್ನಡಕ್ಕೆ ಮಾಡಿ ಆ ಹುಡುಗಿಗೆ ಓದಲು ಕೊಟ್ಟೆ. ಎರಡು ದಿನ ಬಿಟ್ಟು ಬಂದು, ಅಕ್ಕಸಾಲಿಗರ ಕುಲುಮೆಯ ಉಪಕರಣಗಳ ಹೆಸರುಗಳನ್ನೆಲ್ಲ ಯಾರಲ್ಲಿ ಕೇಳಬೇಕೆಂದಳು. ಮಾನ್ವಿಯ ಪೇಟೆಯಲ್ಲಿ ನನಗೆ ಗುರುತಿನ ಒಬ್ಬ ಹಿರಿಯರ ಅಂಗಡಿಯನ್ನು ತೋರಿಸಿದ್ದೇನೆ.