ಮೂರು ಲಕ್ಷದಲ್ಲಿ ಒಂದು, ಮೂವತ್ಮೂರರಲ್ಲಿ ಒಂದು

ತುಂಗಭದ್ರಾ ಡ್ಯಾಮಿನ ಮಗ್ಗುಲಿನ ನಮ್ಮ ಮುನಿರಾಬಾದಿನವರಿಗೆ ದೊಡ್ಡ ಅಂಕಿಗಳ ಅಂಜಿಕೆ ಇಲ್ಲ. ಮಳೆಗಾಲ ಹಿಡಿಯಿತೆಂದರೆ ಚಹಾದಂಗಡಿಯಲ್ಲಿ ಕೂತವರ ಬಾಯಲ್ಲಿ ಒಳಹರಿವು ಎಷ್ಟು ಕ್ಯುಸೆಕ್, ಡ್ಯಾಮು ಎಷ್ಟು ಅಡಿ ಏರಿತು ಎಂಬುದೇ ಮಾತು. ಸಮುದ್ರಮಟ್ಟದಿಂದ 1633 ಅಡಿ ಮುಟ್ಟಿದರೆ ತುಂಗಭದ್ರಾ ಭರ್ತಿ. ಆಗ ಒಳಗೆ ನಿಲ್ಲುವುದು 105.788 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಲೀಟರಿನಲ್ಲಿ ಸುಮಾರು 2,831 ಕೋಟಿ. ಇದನ್ನು ಯಾರೂ ಕೊಡದಲ್ಲಿ ಅಳೆದು ನೋಡಿದ್ದಿಲ್ಲ. ಆದರೂ ನಮ್ಮೂರ ಹುಡುಗರು ದಶಮಾಂಶದ ಮೂರನೆಯ ಸ್ಥಾನದವರೆಗೆ ತಡವರಿಸದೆ ಹೇಳುತ್ತಾರೆ. 1953ರಲ್ಲಿ ನೀರು ನಿಂತಾಗ 133 ಟಿಎಂಸಿ ಹಿಡಿಯುತ್ತಿದ್ದದ್ದು ಹೂಳು ತುಂಬಿ ಇಷ್ಟಕ್ಕೆ ಬಂದಿದೆ. ಸುಣ್ಣಕ್ಕೆ ಸುಟ್ಟ ಮಣ್ಣಿನ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆ ಅದು. ಅದರ ನೆತ್ತಿಯ ಮೇಲೆ 33 ಗೇಟು, ಒಂದೊಂದೂ 60 ಅಡಿ ಅಗಲ, 20 ಅಡಿ ಎತ್ತರ.

ಇಂಥ ಊರಿನ ನಮ್ಮ ಕಾಕಾನನ್ನು 2024ರ ಆಗಸ್ಟ್ 10ರ ಶನಿವಾರ ಬೆಂಗಳೂರಿನ ಲಾಲ್‌ಬಾಗಿಗೆ ಕರೆದೊಯ್ದಿದ್ದೆ. ಸ್ವಾತಂತ್ರ್ಯೋತ್ಸವದ ಫಲಪುಷ್ಪ ಪ್ರದರ್ಶನ ನಡೆದಿತ್ತು, ಆ ಸಲದ್ದು ಅಂಬೇಡ್ಕರ್ ಅವರ ಬದುಕಿನ ಮೇಲೆ. ಗಾಜಿನ ಮನೆಯೊಳಗೆ ಜನ ಹೂವಿನ ಮುಂದೆ ಸೆಲ್ಫಿಗಾಗಿ ನೂಕಾಡುತ್ತಿದ್ದರೆ ಕಾಕಾ ಮಾತ್ರ ಕತ್ತೆತ್ತಿ ಸೂರು ನೋಡುತ್ತ ನಿಂತುಬಿಟ್ಟ.

"ಎಷ್ಟ ಗಾಜ ಇರಬೇಕೋ ತಮ್ಮಾ ಇದಕ?"

ಎರಡು ಕಬ್ಬಿಣದ ಪಟ್ಟಿಗಳ ನಡುವಿನ ಒಂದು ಸಾಲಿಗೆ ಬೆರಳು ಮಾಡಿ ಎಣಿಸತೊಡಗಿದ. ಹಿಂದಿನಿಂದ ಯಾರೋ ದಬ್ಬಿದರು, ಲೆಕ್ಕ ತಪ್ಪಿತು. ಮತ್ತೆ ಮೊದಲಿನಿಂದ ಶುರು. ಕಡೆಗೆ ಕೈಬಿಟ್ಟು, "ಹೋಗ್ಲಿ, ಇದರಾಗ ಒಂದ್ ಒಡದ್ರ ಏನ್ ಮಾಡ್ತಾರ?" ಎಂದ. ಡ್ಯಾಮಿನ ಕೆಳಗೆ ಭತ್ತ ಮಾಡುವವನ ಪ್ರಶ್ನೆ ಹೀಗೇ ಇರುತ್ತದೆ ಎಂದುಕೊಂಡು ನಕ್ಕೆ.

ಈ ಮನೆಗೆ ಅಡಿಗಲ್ಲು ಬಿದ್ದದ್ದು 1889ರ ನವೆಂಬರ್ 30ರಂದು, ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಕೈಯಿಂದ. ತೋಟದ ಅಧೀಕ್ಷಕ ಜಾನ್ ಕ್ಯಾಮರಾನ್ ಕಂಡ ಕನಸು. ಎರಕದ ಕಬ್ಬಿಣ ಹಡಗೇರಿ ಬಂದದ್ದು ಗ್ಲಾಸ್ಗೋದ ಮ್ಯಾಕ್‌ಫರ್ಲೇನ್ ಕಾರ್ಖಾನೆಯಿಂದ. 1935ರಲ್ಲಿ ಮನೆಯನ್ನು ಬೆಳೆಸುವಾಗ ಮಾತ್ರ ನಮ್ಮದೇ ಭದ್ರಾವತಿಯ ಕಬ್ಬಿಣ ಬಳಸಿದರು. ಈಚೆಗೆ ದಾವಣಗೆರೆಯಲ್ಲಿ ಇದಕ್ಕಿಂತ ದೊಡ್ಡ ಗಾಜಿನ ಮನೆ ಎದ್ದಿದೆ. ಅದರ ಮಾತು ಬೇಡ, ಏಕೆಂದರೆ ಬೆರಗು ಇರುವುದು ಇವೆರಡರ ಮೂಲಪುರುಷನಲ್ಲಿ.

ಅದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. 1851ರಲ್ಲಿ ತೆರೆದ ಆ ಅರಮನೆಯ ನಕ್ಷೆ ಬರೆದ ಜೋಸೆಫ್ ಪ್ಯಾಕ್ಸ್‌ಟನ್ ವಾಸ್ತುಶಿಲ್ಪ ಓದಿದವನಲ್ಲ, ತೋಟದ ಮಾಲಿ. ತನ್ನ ಕೊಳದಲ್ಲಿ ಬೆಳೆದ ದೈತ್ಯ ನೈದಿಲೆಯ ಎಲೆಯನ್ನು ಮಗುಚಿ ಅದರ ನರಗಳನ್ನು ನೋಡಿದ್ದ. ಪುಟ್ಟ ಮಗಳನ್ನು ಆ ಎಲೆಯ ಮೇಲೆ ನಿಲ್ಲಿಸಿದರೂ ಅದು ಮುಳುಗಿರಲಿಲ್ಲ. ತೆಳ್ಳಗಿನ ಹಾಸು, ಅಡಿಯಲ್ಲಿ ಬಲವಾದ ನರ: ಇಷ್ಟೇ ಸೂತ್ರ. ಅದರ ಮೇಲೆ ಕೂರಿಸಿದ ಗಾಜು 2,93,655. ಹರವು ಸುಮಾರು 9 ಲಕ್ಷ ಚದರ ಅಡಿ. ನಮ್ಮ ಲೆಕ್ಕಕ್ಕೆ ತರುವುದಾದರೆ, ಡ್ಯಾಮಿನ 33 ಗೇಟುಗಳನ್ನೂ ಬಿಚ್ಚಿ ಒತ್ತೊತ್ತಾಗಿ ಮಲಗಿಸಿದರೆ 39,600 ಚದರ ಅಡಿ. ಅಂಥ 22 ಡ್ಯಾಮುಗಳ ಗೇಟು ತಂದು ಹಾಸಿದರೂ ಆ ಒಂದು ಮನೆಯ ಗಾಜಿಗೆ ಸಾಟಿಯಾಗದು.

ಇನ್ನು ಗಾಜು ಆದ ಬಗೆ. ಕೆಂಪಗೆ ಕಾದ ಗಾಜಿನ ಮುದ್ದೆಯನ್ನು ಕೊಳವೆಯ ತುದಿಗೆ ಹಚ್ಚಿಕೊಂಡು ಆಳು ತನ್ನ ಬಾಯಿಂದಲೇ ಊದಬೇಕು. ಊದುತ್ತ, ತೂಗಾಡಿಸುತ್ತ ಅದನ್ನು ಉದ್ದನೆಯ ಉರುಳೆ ಮಾಡಬೇಕು. ಎರಡೂ ತುದಿ ಕತ್ತರಿಸಿ, ಉದ್ದಕ್ಕೆ ಸೀಳಿ, ಮತ್ತೆ ಕುಲುಮೆಗಿಟ್ಟು ಮೆತ್ತಗಾದಾಗ ಸುತ್ತಿಟ್ಟ ಚಾಪೆ ಬಿಡಿಸಿದ ಹಾಗೆ ಬಿಡಿಸಿ ಸಪಾಟು ಮಾಡಬೇಕು. ಮೂರು ಲಕ್ಷದ ಹತ್ತಿರದ ಆ ಗಾಜೆಲ್ಲ ಹೀಗೆ ಬಾಯಿಂದ ಊದಿದ್ದು. ಕೂರಿಸುವ ಕೆಲಸವೂ ಅಷ್ಟೇ ಚುರುಕು, 80 ಮಂದಿ ಒಂದೇ ವಾರದಲ್ಲಿ 18,000ಕ್ಕೂ ಮಿಕ್ಕಿ ಗಾಜು ಕೂರಿಸಿದರು. ಅಲ್ಲಿ ನಡೆದ ಪ್ರದರ್ಶನವನ್ನು ಐದೂವರೆ ತಿಂಗಳಲ್ಲಿ ನೋಡಲು ಬಂದವರು 60 ಲಕ್ಷ. ಪಕ್ಕದ ಹುಲಿಗಿಯ ಗುಡಿಯಲ್ಲಿ ಹುಣ್ಣಿಮೆಯ ಜನಜಂಗುಳಿ ಕಂಡ ನಮಗೂ ಇದು ದೊಡ್ಡದೇ.

ಕಾಕಾನ ಪ್ರಶ್ನೆಗೆ ಪ್ಯಾಕ್ಸ್‌ಟನ್ ಉತ್ತರ ಸಿದ್ಧವಿಟ್ಟಿದ್ದ. ಗಾಜುಗಳೆಲ್ಲ ಒಂದೇ ಅಳತೆ. ಒಂದು ಒಡೆದರೆ ಏಣಿ ಹಾಕು, ಇನ್ನೊಂದು ಕೂರಿಸು. ಮೂರು ಲಕ್ಷದಲ್ಲಿ ಒಂದು ಹೋದರೆ ಹನಿ ಮಳೆ ಒಳಗೆ ಬೀಳುತ್ತದೆ, ಅಷ್ಟೇ. ಅರಮನೆಯನ್ನು ಕಡೆಗೆ ನುಂಗಿದ್ದು ಬೆಂಕಿ, 1936ರ ನವೆಂಬರ್ 30ರ ರಾತ್ರಿ. ಲಾಲ್‌ಬಾಗಿನ ಕಲ್ಲು ಬಿದ್ದ ಅದೇ ತಾರೀಕು!

ಅಂದು ಲಾಲ್‌ಬಾಗಿನಿಂದ ಬಂದು ಉಂಡು ಮಲಗುವ ಹೊತ್ತಿಗೆ ಊರಿನಿಂದ ಫೋನು ಬರತೊಡಗಿದವು. 19ನೇ ಗೇಟಿನ ಚೈನು ತುಂಡಾಗಿ, ಗೇಟೇ ಕೊಚ್ಚಿ ಹೋಗಿತ್ತು. ಸುಮಾರು 48 ಟನ್ ಉಕ್ಕು. ಆ ಒಂದು ಕಿಂಡಿಯಿಂದಲೇ ಸೆಕೆಂಡಿಗೆ 35,000 ಘನ ಅಡಿ ನೀರು. ಗೋಡೆಯ ಮೇಲಿನ ಒತ್ತಡ ಇಳಿಸಲೆಂದು ಗಟ್ಟಿಯಿದ್ದ ಉಳಿದ 32 ಗೇಟುಗಳನ್ನೂ ಎತ್ತಬೇಕಾಯಿತು. ಒಂದು ಹೋದದ್ದಕ್ಕೆ ಮೂವತ್ತೆರಡನ್ನು ತೆರೆಯುವುದು! ಗಾಜಿನ ಮನೆಯ ಲೆಕ್ಕ ಇಲ್ಲಿ ಪೂರ್ತಿ ತಿರುವುಮುರುವು. ಕಾಕಾ ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲ, ನಾನು ನಕ್ಕದ್ದನ್ನು ನೆನಪಿಸಲೂ ಇಲ್ಲ. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿಗೇ ಅಡ್ಡಲಾಗಿ ಸ್ಟಾಪ್‌ಲಾಗ್ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಕಿಂಡಿ ಮುಚ್ಚುವಾಗ ವಾರ ಕಳೆದಿತ್ತು. 105 ಟಿಎಂಸಿ ಇದ್ದದ್ದು ಸುಮಾರು 70ಕ್ಕೆ ಇಳಿದಿತ್ತು.

ಒಂದಕ್ಕೆ ಇದಕ್ಕಿಂತ ಬೆಲೆ ಬರುವ ಗಾಜೂ ಇದೆ. ಸಸ್ಯೋದ್ಯಾನಗಳಲ್ಲಿ ಗಾಜಿನ ಶಿಲ್ಪ ಎಂದರೆ ಇಂದು ಎಲ್ಲರೂ ಹೇಳುವ ಹೆಸರು ಅಮೆರಿಕದ ಡೇಲ್ ಚಿಹುಲಿ. 2019ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಆತ ನಿಲ್ಲಿಸಿದ ಒಂದೇ ಒಂದು ಗಾಜಿನ ಸೂರ್ಯನಲ್ಲಿ ಒಂದೂವರೆ ಸಾವಿರದ ಹತ್ತಿರ ತುಣುಕುಗಳಿದ್ದವು. ಚೆಂದವೇ, ಆದರೆ ಅದರ ಹಿಂದೆ ದೊಡ್ಡ ತಂಡವಿದೆ. ನನ್ನನ್ನು ಹಿಡಿದು ನಿಲ್ಲಿಸುವುದು ಜರ್ಮನಿಯ ಬ್ಲಾಶ್ಕಾ ಅಪ್ಪ ಮಗ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಅವರು ಗಾಜಿನಲ್ಲಿ ಮಾಡಿಕೊಟ್ಟದ್ದು 780 ಜಾತಿಯ ಗಿಡಗಳ ಸುಮಾರು 4,300 ಮಾದರಿ. 1887ರಿಂದ 1936ರವರೆಗೆ, ಇಬ್ಬರೇ. ಅಪ್ಪ ಲಿಯೋಪೋಲ್ಡ್ 1895ರಲ್ಲಿ ತೀರಿಕೊಂಡ ಮೇಲೆ ಮಗ ರುಡಾಲ್ಫ್ ಒಬ್ಬನೇ. ಸರಾಸರಿ ತೆಗೆದರೆ ಸುಮಾರು ನಾಲ್ಕು ದಿನಕ್ಕೊಂದು ಮಾದರಿ, ಅದೂ ಅರ್ಧ ಶತಮಾನ. ದಳ, ಕೇಸರ, ಎಲೆಯ ಮೇಲಿನ ರೋಮ, ಎಲ್ಲ ದೀಪದ ಉರಿಯಲ್ಲಿ ಗಾಜು ಕರಗಿಸಿ ಎಳೆದದ್ದು. ಕೊನೆಕೊನೆಗೆ ರುಡಾಲ್ಫ್ ಕೊಳೆತ ಹಣ್ಣುಗಳನ್ನೂ ಮಾಡಿದ: ಬೂಷ್ಟು ಹಿಡಿದ ಪೀಚು, ಚುಕ್ಕೆ ಬಿದ್ದ ಸೇಬು. ದುಂಡಾಣು ಅಂಗಮಾರಿ ತಗುಲಿದ ದಾಳಿಂಬೆಯನ್ನು ಕಿತ್ತು ತಿಪ್ಪೆಗೆ ಸುರಿಯುವ ಕುಷ್ಟಗಿಯ ರೈತನಿಗೆ, ರೋಗದ ಹಣ್ಣನ್ನೂ ಒಬ್ಬ ವಾರಗಟ್ಟಲೆ ಕೂತು ಗಾಜಿನಲ್ಲಿ ತಿದ್ದಿದ ಎಂದರೆ ನಂಬಿಸುವುದು ಕಷ್ಟ.

ರುಡಾಲ್ಫನಿಗೆ ಮಕ್ಕಳಿಲ್ಲ, ಶಿಷ್ಯನಿಲ್ಲ. 1939ರಲ್ಲಿ ಆತ ಹೋದಾಗ ಕಸುಬೂ ಹೋಯಿತು. ಆ 4,300ರಲ್ಲಿ ಒಂದರ ದಳ ಮುರಿದರೆ ಅಂಟಿಸಬಹುದು, ಹೊಸದು ತರಿಸಲು ಅಂಗಡಿಯಿಲ್ಲ.

ಡ್ಯಾಮಿನ ಗೇಟಿಗೆ ಕಾರ್ಖಾನೆ ಇದೆ, ಕಾಸು ಮತ್ತು ಕಾಲ ಬೇಕು. ತಾತ್ಕಾಲಿಕ ಹಲಗೆಯ ಮೇಲೆ, 70 ವರ್ಷ ಹಳೆಯ ಉಳಿದ ಗೇಟುಗಳ ಮೇಲೆ ಭಾರ ಹಾಕಬಾರದೆಂದು 2025ರ ಮಳೆಗಾಲದಲ್ಲಿ ನೀರನ್ನು 80 ಟಿಎಂಸಿಯ ಮಟ್ಟಕ್ಕೇ ಮಿತಿಗೊಳಿಸಿದರು. ಮೇಲಿನಿಂದ ಹೊಳೆ ತುಂಬಿ ಬರುತ್ತಿದ್ದರೂ 25.788 ಟಿಎಂಸಿಯ ಜಾಗ ಖಾಲಿ. ಕಳೆದುಹೋದ ಗೇಟು ನೂರಕ್ಕೆ ಮೂರು, ನಿಲ್ಲಿಸಲಾಗದ ನೀರು ನೂರಕ್ಕೆ ಇಪ್ಪತ್ನಾಲ್ಕು. ಎಡದಂಡೆ ಕಾಲುವೆಯ ಕೆಳಗೆ ಎರಡನೇ ಬೆಳೆಗೆ ನೀರು ಸಿಕ್ಕೀತೇ ಎಂದು ಆಗ ಚಹಾದಂಗಡಿಯಲ್ಲಿ ಕೇಳುತ್ತಿದ್ದವರೆಲ್ಲ ಆ ಇಪ್ಪತ್ನಾಲ್ಕರ ಪಾಲುದಾರರೇ.